ಮಗ್ಗುಲಾದರೆ ತಿರುಗುವ ಸ್ಕ್ರೀನ್: ಕಡಿಯಾಳಿಯ ಒಂದು ಮನೆಯ ಪ್ರಕರಣ

ಈ ಪ್ರಕರಣ ಉಡುಪಿಯ ಕಡಿಯಾಳಿ ಕಡೆಯ ಒಂದು ಮನೆಯದು. ಅಲ್ಲಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಶಿಕ್ಷಕಿಯೊಬ್ಬರು ಇದ್ದಾರೆ. ಬೀದಿಯವರಿಗೆಲ್ಲ ಅವರು ಟೀಚರ್. ಮಳೆಗಾಲದ ಆರಂಭದಲ್ಲಿ ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಎಡ ಸೊಂಟದ ಮೂಳೆ ಮುರಿಯಿತು. ಆಪರೇಶನ್ ಚೆನ್ನಾಗಿಯೇ ಆಯಿತು. ಆದರೆ ಆಮೇಲೆ ದಿನದ ಹೆಚ್ಚಿನ ಹೊತ್ತು ಮಂಚದ ಮೇಲೆಯೇ ಕಳೆಯಬೇಕಾಯಿತು. ಎಡಗಡೆಗೆ ಮಲಗುವ ಹಾಗಿಲ್ಲ. ಅಂಗಾತ ಮಲಗಿದರೆ ಬೆನ್ನು ಹಿಡಿಯುತ್ತದೆ. ಹಾಗಾಗಿ ಎರಡು ಕಾಲುಗಳ ನಡುವೆ ದಿಂಬು ಇಟ್ಟುಕೊಂಡು ಬಲಮಗ್ಗುಲಲ್ಲಿ ಮಲಗುವುದೇ ಅಭ್ಯಾಸವಾಯಿತು.

ಹೊರಗಿನ ಲೋಕದೊಂದಿಗೆ ಅವರಿಗೆ ಉಳಿದ ದಾರಿ ಒಂದೇ, ಮಗಳು ಮಸ್ಕತ್‌ನಿಂದ ತಂದುಕೊಟ್ಟ ಸ್ಯಾಮ್‌ಸಂಗ್ ಫೋನ್. ಬೆಳಿಗ್ಗೆ ಉದಯವಾಣಿಯ ಇ-ಪೇಪರ್. 1970ರಲ್ಲಿ ಮಣಿಪಾಲದಿಂದ ಶುರುವಾದ ಆ ಪತ್ರಿಕೆ ಈ ಮನೆಗೆ ಇವತ್ತಿಗೂ ಬರುತ್ತದೆ, ಆದರೆ ಮಲಗಿಕೊಂಡು ಅಷ್ಟು ದೊಡ್ಡ ಹಾಳೆ ಹಿಡಿಯುವುದು ಆಗದ ಮಾತು. ಮಧ್ಯಾಹ್ನ ವಾಟ್ಸ್‌ಆ್ಯಪ್. ರಾತ್ರಿ ಊಟವಾದ ಮೇಲೆ ಬಡಗುತಿಟ್ಟಿನ ಯಕ್ಷಗಾನದ ವಿಡಿಯೊ. ಹಿರಿಯರಿಗೆ ಫೋನ್ ಕಲಿಸಲು ನಾನು ಆಗಾಗ ಸುತ್ತಮುತ್ತಲಿನ ಮನೆಗಳಿಗೆ ಹೋಗುತ್ತೇನೆ. ಈ ಮನೆಯಿಂದ ಕರೆ ಬಂದಾಗ ಫೋನ್ ಬದಲಾಯಿಸುವ ಮಾತು ಆಗಲೇ ಶುರುವಾಗಿತ್ತು.

ದೂರು ಎರಡಾಗಿ ಬಂತು

ಟೀಚರ್ ಹೇಳಿದ್ದು ಹೀಗೆ: "ಇದಕ್ಕೆ ಎಂತದೋ ಆಗಿದೆ ಮಗಾ. ನಾನು ಓದುವಾಗ ಅಕ್ಷರ ಅಡ್ಡ ಮಲಗುತ್ತದೆ. ನಾನು ಫೋನ್ ತಿರುಗಿಸಿದರೆ ಅದೂ ತಿರುಗುತ್ತದೆ. ಕಡೆಗೆ ನಾನೇ ಕುತ್ತಿಗೆ ಎತ್ತಬೇಕು."

ಸೊಸೆಯ ದೂರು ಇದಕ್ಕೆ ಉಲ್ಟಾ. "ಯಕ್ಷಗಾನ ಹಾಕಿಕೊಟ್ಟರೆ ಸ್ಕ್ರೀನ್ ತಿರುಗುವುದೇ ಇಲ್ಲ. ಸಣ್ಣ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಅತ್ತೆಗೆ ವೇಷ ಯಾವುದು ಅಂತಲೂ ಗೊತ್ತಾಗುವುದಿಲ್ಲ."

ಒಂದೇ ಫೋನ್ ಬೇಡದಾಗ ತಿರುಗುತ್ತದೆ, ಬೇಕಾದಾಗ ತಿರುಗುವುದಿಲ್ಲ. ಈ ಎರಡು ಮಾತು ಒಟ್ಟಿಗೆ ಕೇಳಿದರೆ ಯಾರಿಗಾದರೂ ಫೋನ್ ಕೆಟ್ಟಿದೆ ಅಂತಲೇ ಅನಿಸುತ್ತದೆ ಅಲ್ವಾ? ಮೊಬೈಲ್ ಅಂಗಡಿಯೊಂದರಲ್ಲೂ ಹಾಗೆಯೇ ಹೇಳಿ ಕಳಿಸಿದ್ದರು. ಸೆನ್ಸರ್ ಹೋಗಿದೆ, ಫ್ಲಿಪ್ ಕವರಿನ ಮ್ಯಾಗ್ನೆಟ್‌ನಿಂದ ಹಾಗಾಗಿದೆ, ರಿಪೇರಿಗಿಂತ ಹೊಸದು ತೆಗೆದುಕೊಳ್ಳುವುದು ಒಳ್ಳೆಯದು ಅಂತ. ಮನೆಯವರು ಕವರ್ ತೆಗೆದು ನೋಡಿದರು. ಏನೂ ಬದಲಾಗಲಿಲ್ಲ.

ಇದರ ಮಧ್ಯೆ ಇನ್ನೊಂದು ನಡೆಯುತ್ತಿತ್ತು. ಪಿಯುಸಿ ಓದುವ ಮೊಮ್ಮಗ ಅಜ್ಜಿಗೆ ಓದಲು ಸುಲಭವಾಗಲಿ ಎಂದು ಆಟೊ ರೊಟೇಟ್, ಅಂದರೆ ಫೋನ್ ತಿರುಗಿಸಿದ ಹಾಗೆ ಪರದೆಯೂ ತಾನಾಗಿ ತಿರುಗುವ ಸೆಟ್ಟಿಂಗ್, ಆಫ್ ಮಾಡುತ್ತಿದ್ದ. ರಾತ್ರಿ ಯಕ್ಷಗಾನ ದೊಡ್ಡದಾಗಿ ಕಾಣಲಿ ಎಂದು ಸೊಸೆ ಅದನ್ನೇ ಆನ್ ಮಾಡುತ್ತಿದ್ದರು. ಇಬ್ಬರೂ ಟೀಚರಿಗೆ ಒಳ್ಳೆಯದಾಗಲಿ ಅಂತಲೇ ಮಾಡುತ್ತಿದ್ದರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ. ಇಬ್ಬರ ಹೊರತಾಗಿಯೂ ಅದು ಕೆಲವೊಮ್ಮೆ ತಾನಾಗಿಯೇ ಆನ್ ಆಗುತ್ತದೆ ಎಂಬ ಮೂರನೆಯ ಮಾತೂ ಬಂತು. ಅದರ ಕಾರಣ ಸಿಕ್ಕಿದ್ದು ಕೊನೆಗೆ.

ಮೊದಲು ಸೆನ್ಸರ್

ಫೋನ್ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು. ಬಹಳಷ್ಟು ಸ್ಯಾಮ್‌ಸಂಗ್ ಫೋನುಗಳಲ್ಲಿ ಡಯಲ್ ಪ್ಯಾಡಿನಲ್ಲಿ *#0*# ಎಂದು ಒತ್ತಿದರೆ ಪರೀಕ್ಷೆಯ ಪರದೆ ತೆರೆಯುತ್ತದೆ. ಅದರಲ್ಲಿ ಸೆನ್ಸರ್ ಎಂಬಲ್ಲಿ ಹೋದರೆ ಫೋನಿನ ವಾಲುವಿಕೆ ಅಳೆಯುವ ಆಕ್ಸಿಲರೋಮೀಟರಿನ ಮೂರು ಅಂಕಿಗಳು ಓಡುತ್ತಿರುತ್ತವೆ. ಫೋನನ್ನು ನೆಟ್ಟಗೆ ನಿಲ್ಲಿಸಿದಾಗ ಉದ್ದದ ದಿಕ್ಕಿನ ಅಂಕಿ 9.8ರ ಹತ್ತಿರ ಬಂತು. ಅಡ್ಡ ಹಿಡಿದಾಗ ಅಗಲದ ದಿಕ್ಕಿನದು. ಮೇಜಿನ ಮೇಲೆ ಅಂಗಾತ ಇಟ್ಟಾಗ ಮೂರನೆಯದು. ಭೂಮಿಯ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಅದನ್ನೇ ಇದು ತೋರಿಸುವುದು. ಅಂದರೆ ಸೆನ್ಸರ್ ಸರಿಯಾಗಿತ್ತು.

ಮ್ಯಾಗ್ನೆಟ್‌ನ ಮಾತೂ ಇಲ್ಲಿಗೇ ಮುಗಿಯಿತು. ಕವರಿನ ಮ್ಯಾಗ್ನೆಟ್ ಫೋನಿನ ದಿಕ್ಸೂಚಿಯನ್ನು ತಪ್ಪಿಸಬಹುದು. ಮ್ಯಾಪ್‌ನಲ್ಲಿ ಬಾಣ ತಪ್ಪು ಕಡೆಗೆ ನೋಡಬಹುದು. ಆದರೆ ಸ್ಕ್ರೀನ್ ತಿರುಗಿಸುವುದು ದಿಕ್ಸೂಚಿ ಅಲ್ಲ. ಆಕ್ಸಿಲರೋಮೀಟರಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಂಡೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ನಿಂತಿರುತ್ತದೆ. ಫೋನ್ ವಾಲಿದಾಗ ಅದು ಒಂಚೂರು ಸರಿಯುತ್ತದೆ. ಆ ಸರಿಯುವಿಕೆಯನ್ನು ವಿದ್ಯುತ್ತಿನ ಮೂಲಕ ಅಳೆಯಲಾಗುತ್ತದೆ. ಗಾರೆಯವರು ಗೋಡೆ ನೇರ ಇದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನ ಹಾಗೆ, ಇದಕ್ಕೂ ಗೊತ್ತಿರುವುದು ನೆಲ ಯಾವ ಕಡೆಗಿದೆ ಎಂಬುದು ಮಾತ್ರ.

ಟೀಚರಿನ ಕಷ್ಟ ಪೂರ್ತಿ ಇದರಲ್ಲೇ ಇತ್ತು. ಫೋನಿಗೆ ನೆಲ ಗೊತ್ತು, ಅವರ ಮುಖ ಗೊತ್ತಿಲ್ಲ. ಕುಳಿತವರ, ನಿಂತವರ ಕಣ್ಣು ಮತ್ತು ನೆಲ ಒಂದೇ ಲೆಕ್ಕದಲ್ಲಿರುತ್ತವೆ. ಆದ್ದರಿಂದ ನಮಗೆಲ್ಲ ಆಟೊ ರೊಟೇಟ್ ಸರಿಯಾಗಿಯೇ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಮಗ್ಗುಲಾಗಿ ಮಲಗಿದವರ ತಲೆ ನೆಲಕ್ಕೆ ಅಡ್ಡ ಇರುತ್ತದೆ. ಅವರು ಫೋನನ್ನು ತಮ್ಮ ಕಣ್ಣಿಗೆ ನೆಟ್ಟಗೆ ಹಿಡಿದರೆ ಅದು ನೆಲಕ್ಕೆ ಅಡ್ಡ. ಫೋನ್ ಕೂಡಲೇ ಅಡ್ಡ ಪರದೆಗೆ ಹೋಗುತ್ತದೆ. ಅಕ್ಷರಗಳು ನೆಲಕ್ಕೆ ನೆಟ್ಟಗೆ ನಿಲ್ಲುತ್ತವೆ, ಓದುವವರಿಗೆ ಸಾಲುಗಳು ಅಡ್ಡಕ್ಕೆ ಬದಲು ಉದ್ದಕ್ಕೆ ಓಡುತ್ತವೆ. ಫೋನನ್ನು ಎಷ್ಟು ತಿರುಗಿಸಿದರೂ ಅಷ್ಟೇ. ಅಕ್ಷರ ನೆಲವನ್ನೇ ಹಿಡಿದಿರುತ್ತದೆ. ಟೀಚರ್ ಕುತ್ತಿಗೆ ಎತ್ತಿ ಓದುತ್ತಿದ್ದದ್ದು ಅದಕ್ಕೇ. ಆಪರೇಶನ್ ಆದವರಿಗೆ ಅದು ಸಣ್ಣ ಕಷ್ಟವಲ್ಲ. ಮಲಗಿರುವವರ ಮನೆಗೆ ಫೋನ್ ನೋಡಲು ಹೋದರೆ ಮೊದಲು ಅವರು ಹೇಗೆ ಮಲಗುತ್ತಾರೆ ಎಂದು ನೋಡಬೇಕು, ಆಮೇಲೆ ಸೆಟ್ಟಿಂಗ್ಸ್ ತೆರೆಯಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ಸಣ್ಣ ಸಂಗತಿ. ಫೋನನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟಾಗ ಗುರುತ್ವ ಸ್ಕ್ರೀನಿನ ಹಿಂದಕ್ಕೆ ಎಳೆಯುತ್ತದೆ. ನೆಟ್ಟಗೆ ಯಾವುದು, ಅಡ್ಡ ಯಾವುದು ಎಂದು ಫೋನಿಗೆ ತಿಳಿಯುವುದಿಲ್ಲ. ಆಗ ಅದು ಕೊನೆಗೆ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಟೀಚರ್ ಅಡ್ಡ ಪರದೆಯ ಫೋನನ್ನು ಪಕ್ಕದಲ್ಲಿಟ್ಟು ಔಷಧಿ ತೆಗೆದುಕೊಂಡು ಮತ್ತೆ ಬಗ್ಗಿ ನೋಡಿದರೆ ಅದು ಅಡ್ಡವೇ ಇರುತ್ತಿತ್ತು. "ಸಿಕ್ಕಿಹಾಕಿಕೊಂಡಿದೆ" ಎಂದು ಅವರು ಹೇಳುತ್ತಿದ್ದದ್ದು ಇದನ್ನೇ. ಸ್ವಲ್ಪ ಎತ್ತಿ ಹಿಡಿದರೆ ಸರಿಹೋಗುತ್ತದೆ.

ಯಾರ ಮಾತು ನಡೆಯುತ್ತದೆ

ಸೆನ್ಸರ್ ಹೇಳಿದ್ದೆಲ್ಲ ನಡೆಯುವುದಿಲ್ಲ. ಸೆನ್ಸರಿನ ಮೇಲೆ ನಮ್ಮ ಸೆಟ್ಟಿಂಗ್ ಇದೆ. ಆ ಸೆಟ್ಟಿಂಗಿನ ಮೇಲೂ ಆ್ಯಪ್ ಮಾಡಿದವರ ತೀರ್ಮಾನ ಇದೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತನ್ನ ಪರದೆ ಹೇಗಿರಬೇಕು ಎಂದು ಮೊದಲೇ ಬರೆದಿಡುವ ಅವಕಾಶ ಇದೆ. ಸದಾ ನೆಟ್ಟಗೆ, ಸದಾ ಅಡ್ಡ, ಬಳಸುವವರ ಸೆಟ್ಟಿಂಗಿನ ಹಾಗೆ, ಅಥವಾ ಸೆಟ್ಟಿಂಗ್ ಏನೇ ಇರಲಿ ಸೆನ್ಸರಿನ ಹಾಗೆ.

ಟೀಚರಿನ ಫೋನಿನಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಬ್ಯಾಂಕಿನ ಆ್ಯಪ್ ಯಾವ ಸ್ಥಿತಿಯಲ್ಲೂ ತಿರುಗಲಿಲ್ಲ, ಅದು ನೆಟ್ಟಗೆ ಮಾತ್ರ. ಮುಖಪುಟವೂ ತಿರುಗಲಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಮುಖಪುಟ ತಿರುಗಬೇಕಾದರೆ ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಬೇರೆಯೇ ಒಂದು ಸ್ವಿಚ್ ಇದೆ. ಬ್ರೌಸರ್ ಮತ್ತು ಗ್ಯಾಲರಿ ಸೆಟ್ಟಿಂಗ್ ಹೇಳಿದ ಹಾಗೆ ಕೇಳಿದವು. ಯೂಟ್ಯೂಬ್‌ನಲ್ಲಿ ಆಟೊ ರೊಟೇಟ್ ಆಫ್ ಇದ್ದರೂ ವಿಡಿಯೊದ ಮೂಲೆಯಲ್ಲಿರುವ ಫುಲ್ ಸ್ಕ್ರೀನ್ ಗುರುತು ಒತ್ತಿದ ಕೂಡಲೇ ಅಡ್ಡ ಆಯಿತು.

ಈ ಕೊನೆಯದು ಸೊಸೆಗೆ ಗೊತ್ತಿರಲಿಲ್ಲ. ಯಕ್ಷಗಾನಕ್ಕೆ ಆಟೊ ರೊಟೇಟ್ ಆನ್ ಆಗಲೇಬೇಕು ಎಂದುಕೊಂಡಿದ್ದರು. ರಾತ್ರಿಯ ಗಲಿಬಿಲಿಯ ಅರ್ಧ ಭಾಗ ಅಲ್ಲಿಂದಲೇ ಬರುತ್ತಿತ್ತು.

ದೊಡ್ಡದಾಗಿ ನೋಡುವ ಆಸೆಗೆ ಕಾರಣ ಇದೆ. ಈ ಫೋನಿನ ಸ್ಕ್ರೀನ್ ಮೂಲೆಯಿಂದ ಮೂಲೆಗೆ 6.5 ಇಂಚು. ಅಗಲ ಏಳು ಸೆಂಟಿಮೀಟರಿಗೂ ಕಡಿಮೆ. ಯಕ್ಷಗಾನದ ವಿಡಿಯೊಗಳು ಹೆಚ್ಚಾಗಿ 16:9ರ ಅಳತೆಯವು, ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. ಫೋನ್ ನೆಟ್ಟಗಿದ್ದರೆ ಆ ಚಿತ್ರದ ಎತ್ತರ ನಾಲ್ಕು ಸೆಂಟಿಮೀಟರೂ ಬರುವುದಿಲ್ಲ. ಅಡ್ಡ ಹಿಡಿದರೆ ಅದೇ ಚಿತ್ರ ಮೂರು ಪಟ್ಟಿಗಿಂತ ಜಾಸ್ತಿ ಜಾಗ ತುಂಬುತ್ತದೆ. ರಂಗಸ್ಥಳದ ಹಿಂದೆ ಕುಳಿತ ಭಾಗವತರು, ಮದ್ದಳೆ, ಚೆಂಡೆ, ಮುಂದೆ ಎರಡು ಮೂರು ವೇಷಗಳು, ಇಷ್ಟನ್ನೂ ಒಟ್ಟಿಗೆ ನೋಡಿಯೇ ಅಭ್ಯಾಸ ಇರುವವರಿಗೆ ನಾಲ್ಕು ಸೆಂಟಿಮೀಟರ್ ಸಾಲದು.

ಆಫ್ ಮಾಡಿ ಇಟ್ಟದ್ದು, ಮತ್ತು ಮೂಲೆಯ ಗುಂಡಿ

ತೀರ್ಮಾನ ಹೀಗಾಯಿತು: ಆಟೊ ರೊಟೇಟ್ ಯಾವಾಗಲೂ ಆಫ್. ಸ್ಕ್ರೀನಿನ ಮೇಲಿಂದ ಕೆಳಗೆ ಎಳೆದಾಗ ಬರುವ ಗುರುತುಗಳಲ್ಲಿ ಅದು "ಪೋರ್ಟ್ರೇಟ್" ಎಂದು ತೋರಿಸುತ್ತದೆ. ಈಗ ಟೀಚರ್ ಯಾವ ಮಗ್ಗುಲಾದರೂ ಅಕ್ಷರ ಅವರ ಕಣ್ಣಿನ ಜೊತೆಗೇ ಇರುತ್ತದೆ. ವಾಟ್ಸ್‌ಆ್ಯಪ್ ಓದುವ ಕಷ್ಟ ಆ ಕ್ಷಣಕ್ಕೇ ಮುಗಿಯಿತು. ಯಕ್ಷಗಾನಕ್ಕೆ ಫುಲ್ ಸ್ಕ್ರೀನ್ ಗುರುತು. ಮಲಗಿ ನೋಡುವಾಗ ಚಿತ್ರ ತಲೆಕೆಳಗಾಗಿ ಕಂಡರೆ ಫೋನನ್ನು ಹಿಂದೆ ತಂದು ಇನ್ನೊಂದು ಬದಿಗೆ ತಿರುಗಿಸಿದರೆ ಸಾಕು.

ಇ-ಪೇಪರ್ ಸ್ವಲ್ಪ ಕಷ್ಟ ಕೊಟ್ಟಿತು. ಅದನ್ನು ಅವರು ಬ್ರೌಸರಿನಲ್ಲಿ ಓದುತ್ತಾರೆ, ಅಲ್ಲಿ ಫುಲ್ ಸ್ಕ್ರೀನ್ ಗುರುತು ಇಲ್ಲ. ಪತ್ರಿಕೆಯ ಕಾಲಂ ದೊಡ್ಡದಾಗಿ ಕಾಣಬೇಕಾದರೆ ಅಡ್ಡ ಪರದೆ ಬೇಕು. ಇಲ್ಲಿ ಕೈಹಿಡಿದದ್ದು 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಇರುವ ಒಂದು ಸೌಲಭ್ಯ. ಆಟೊ ರೊಟೇಟ್ ಆಫ್ ಇದ್ದಾಗ ಫೋನನ್ನು ತಿರುಗಿಸಿದರೆ ಪರದೆ ತಿರುಗುವುದಿಲ್ಲ. ಆದರೆ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ಕೆಲವು ಸೆಕೆಂಡು ಕಾಣಿಸಿಕೊಳ್ಳುತ್ತದೆ. ಒತ್ತಿದರೆ ಪರದೆ ತಿರುಗಿ ಹಾಗೆಯೇ ನಿಲ್ಲುತ್ತದೆ. ಒತ್ತದಿದ್ದರೆ ಗುಂಡಿ ಮಾಯ.

ಹೆಚ್ಚಿನವರು ಈ ಗುಂಡಿಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನನಗೆ ಇದು ಆಟೊ ರೊಟೇಟಿಗಿಂತ ಎಷ್ಟೋ ಒಳ್ಳೆಯ ಏರ್ಪಾಡು ಅನಿಸುತ್ತದೆ. ಮಲಗಿದವರಿಗಂತೂ ಇದರಲ್ಲಿ ಇನ್ನೂ ಒಂದು ಲಾಭ ಇದೆ. ಟೀಚರ್ ಮಗ್ಗುಲಾಗಿ ಫೋನ್ ಹಿಡಿದಿರುವಾಗ ಫೋನಿನ ಲೆಕ್ಕದಲ್ಲಿ ಅದು ಅಡ್ಡ. ಆದ್ದರಿಂದ ಗುಂಡಿ ತಾನಾಗಿಯೇ ಬರುತ್ತದೆ. ಆಗ ಒತ್ತಿದರೆ ಪರದೆ ಅಡ್ಡವಾಗಿ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಫೋನನ್ನು ಅವರ ಕಣ್ಣಿಗೆ ಅಗಲವಾಗುವಂತೆ ತಿರುಗಿಸಿ ಹಿಡಿದರೆ ಪತ್ರಿಕೆ ಅಗಲ ಪರದೆಯಲ್ಲಿ ಬರುತ್ತದೆ. ಅಲ್ಲಿಯೂ ಗುಂಡಿ ಮತ್ತೊಮ್ಮೆ ಕೇಳುತ್ತದೆ, ಅದನ್ನು ಮುಟ್ಟಬಾರದು. ಓದಿ ಮುಗಿದ ಮೇಲೆ ಹಿಂದೆ ತರಲು ಅದೇ ಗುಂಡಿ. ಇದನ್ನು ಬಾಯಲ್ಲಿ ಹೇಳಿದರೆ ತಲೆ ತಿರುಗುತ್ತದೆ. ಟೀಚರ್ ಕೈಯಲ್ಲಿ ಮಾಡಿ ಕಲಿತರು. ಅಷ್ಟು ವರ್ಷ ಮಕ್ಕಳಿಗೆ ಕಲಿಸಿದವರು, ಒಂದೇ ಕೆಲಸವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವ ತಾಳ್ಮೆ ಅವರಿಗೆ ಇತ್ತು.

ಮೊಮ್ಮಗ ಒಂದು ಸಲಹೆ ಕೊಟ್ಟ. ಸ್ಯಾಮ್‌ಸಂಗ್‌ನ ರೂಟೀನ್ಸ್‌ನಲ್ಲಿ, ಇಂಥ ಆ್ಯಪ್ ತೆರೆದಾಗ ಆಟೊ ರೊಟೇಟ್ ಆನ್ ಆಗಲಿ, ಮುಚ್ಚಿದಾಗ ಆಫ್ ಆಗಲಿ ಎಂದು ಬರೆದಿಡಬಹುದು. ಐಫೋನಿನಲ್ಲೂ ಶಾರ್ಟ್‌ಕಟ್ಸ್ ಆ್ಯಪ್ ಮೂಲಕ ಹೀಗೆ ಮಾಡಲು ಬರುತ್ತದೆ. ಹುಡುಗನ ಸಲಹೆ ಸರಿಯಾದದ್ದೇ. ಕುಳಿತು ಬಳಸುವವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಯೂಟ್ಯೂಬ್ ತೆರೆದ ಕೂಡಲೇ ಆಟೊ ರೊಟೇಟ್ ಆನ್ ಆದರೆ ಮಗ್ಗುಲಾಗಿ ಮಲಗಿದವರಿಗೆ ಮತ್ತೆ ಅದೇ ತೊಂದರೆ. ಮುಖವನ್ನು ನೋಡಿ ತಿರುಗುವ ಫೋನ್ ಇದ್ದರೆ ಕಥೆ ಬೇರೆ. 2021ರಲ್ಲಿ ಆಂಡ್ರಾಯ್ಡ್ 12 ಬಂದಾಗ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಅಂಥದ್ದನ್ನು ತಂದಿತು. ಮುಂದಿನ ಕ್ಯಾಮೆರಾ ಮುಖ ಯಾವ ಕಡೆಗಿದೆ ಎಂದು ನೋಡಿ ಪರದೆ ನಿಲ್ಲಿಸುತ್ತದೆ, ಆ ಚಿತ್ರವನ್ನು ಉಳಿಸಿಡುವುದಿಲ್ಲ. ಮಲಗಿ ಓದುವವರಿಗೆ ಅದು ನಿಜವಾದ ಉಪಕಾರ. ಆದರೆ ಟೀಚರಿನ ಫೋನಿನಲ್ಲಿ ಅದು ಇರಲಿಲ್ಲ. ಇದೊಂದಕ್ಕಾಗಿ ಹೊಸ ಫೋನ್ ಬೇಡ ಎಂದು ನಾನು ಮಸ್ಕತ್‌ನ ಮಗಳಿಗೂ ಹೇಳಿದೆ.

ಟಾರ್ಚಿನ ಪಕ್ಕದ ಗುರುತು

ಇಷ್ಟಾದರೂ ಕೆಲವು ದಿನಗಳ ನಂತರ ಫೋನ್ ಬಂತು. "ಮತ್ತೆ ತಿರುಗುತ್ತಾ ಉಂಟು. ಯಾರೂ ಮುಟ್ಟಲಿಲ್ಲ."

ಯಾರೂ ಮುಟ್ಟಿಲ್ಲ ಎಂಬುದನ್ನು ನಾನು ನಂಬಿದೆ, ಅಂದರೆ ಬೇಕೆಂದು ಯಾರೂ ಮುಟ್ಟಿಲ್ಲ. ಹಿಂದಿನ ರಾತ್ರಿ ಏನೇನಾಯಿತು ಎಂದು ಕೇಳಿದೆ. ಗಾಳಿಮಳೆ ಬಂದಿತ್ತು, ಕರೆಂಟ್ ಹೋಗಿತ್ತು. ಟೀಚರ್ ಫೋನಿನ ಟಾರ್ಚ್ ಹಾಕಿಕೊಂಡು ನೀರಿನ ಚೊಂಬು ಹುಡುಕಿದ್ದರು. ಟಾರ್ಚ್ ಹೇಗೆ ಹಾಕಿದಿರಿ, ತೋರಿಸಿ ಟೀಚರ್ ಎಂದೆ. ಕನ್ನಡಕ ಇಲ್ಲದೆ, ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದರು. ಟಾರ್ಚಿನ ಗುರುತಿನ ಪಕ್ಕದಲ್ಲೇ ಆಟೊ ರೊಟೇಟ್ ಗುರುತು ಇತ್ತು. ಹೆಬ್ಬೆರಳು ಮೊದಲು ಅದರ ಮೇಲೆ ಬಿತ್ತು, ಆಮೇಲೆ ಟಾರ್ಚಿನ ಮೇಲೆ.

ಕತ್ತಲೆಯಲ್ಲಿ ಅವರಿಗೆ ಬೆಳಕು ಬಂದದ್ದು ಮಾತ್ರ ಗೊತ್ತು. ಇನ್ನೊಂದು ಆನ್ ಆದದ್ದು ಬೆಳಿಗ್ಗೆ ಪೇಪರ್ ಓದುವಾಗ ಗೊತ್ತಾಗುತ್ತಿತ್ತು. ಕರಾವಳಿಯ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ತಾನಾಗಿಯೇ ಆನ್ ಆಗುತ್ತದೆ ಎಂಬ ಮಾತು ಮಳೆ ಜೋರಾದ ದಿನಗಳಲ್ಲೇ ಜಾಸ್ತಿ ಕೇಳಿಬರುತ್ತಿತ್ತು ಎಂದು ಸೊಸೆಗೂ ಆಗ ನೆನಪಾಯಿತು.

ಪರಿಹಾರ ಸರಳವಾಗಿತ್ತು. ಆ ಗುರುತುಗಳ ಜಾಗ ಬದಲಿಸಲು ಬರುತ್ತದೆ. ಗುರುತುಗಳ ಪಟ್ಟಿಯನ್ನು ಪೂರ್ತಿ ಕೆಳಗೆ ಎಳೆದು, ಎಡಿಟ್ ಎಂಬುದನ್ನು ತೆರೆದು, ಬೇಕಾದ ಗುರುತನ್ನು ಬೆರಳಿನಿಂದ ಒತ್ತಿ ಹಿಡಿದು ಬೇರೆ ಜಾಗಕ್ಕೆ ತಂದು ಬಿಡಬೇಕು. ಟಾರ್ಚನ್ನು ಮೊದಲನೆಯದಾಗಿ ಮಾಡಿ, ಅದರ ಪಕ್ಕದಲ್ಲಿ ತಪ್ಪಿ ಒತ್ತಿದರೂ ತೊಂದರೆ ಇಲ್ಲದ ಗುರುತನ್ನು ಇಟ್ಟೆವು. ಆಟೊ ರೊಟೇಟನ್ನು ಎರಡನೆಯ ಪುಟಕ್ಕೆ ಕಳಿಸಿದೆವು. ಏರ್‌ಪ್ಲೇನ್ ಮೋಡ್ ಅನ್ನೂ ಅಲ್ಲಿಗೇ ಕಳಿಸಿದೆ. ಮಲಗಿರುವವರ ಫೋನಿನಲ್ಲಿ ಅದು ತಪ್ಪಿ ಆನ್ ಆದರೆ ಯಾರ ಕರೆಯೂ ಬರುವುದಿಲ್ಲ, ತುರ್ತಿಗೆ ಮನೆಯವರು ಕರೆದರೂ ಗೊತ್ತಾಗುವುದಿಲ್ಲ. ತಿರುಗುವ ಸ್ಕ್ರೀನಿಗಿಂತ ನನಗೆ ಆ ಚಿಂತೆಯೇ ಜಾಸ್ತಿ ಇತ್ತು.

ಆಮೇಲೆ ಕರೆಂಟ್ ಎಷ್ಟೋ ಸಲ ಹೋಯಿತು. ಸ್ಕ್ರೀನ್ ತಾನಾಗಿ ತಿರುಗಿದ ದೂರು ಬರಲಿಲ್ಲ.

ಹುಟ್ಟಿನಿಂದಲೇ ಅಡ್ಡವಾದ ವಿಡಿಯೊ

ಒಂದು ದೂರು ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗಲಿಲ್ಲ. ಸಂಬಂಧಿಕರ ಹುಡುಗನೊಬ್ಬ ಮೇಳದ ಆಟಕ್ಕೆ ಹೋಗಿ ಕಳಿಸಿದ ಒಂದು ವಿಡಿಯೊದಲ್ಲಿ ವೇಷಧಾರಿಗಳು ಅಡ್ಡ ಮಲಗಿ ಕುಣಿಯುತ್ತಿದ್ದರು. ಫೋನ್ ಹೇಗೆ ಹಿಡಿದರೂ ಹಾಗೆಯೇ. ಇದು ಟೀಚರಿನ ಫೋನಿನ ವಿಷಯ ಅಲ್ಲ. ವಿಡಿಯೊ ತೆಗೆಯಲು ಶುರು ಮಾಡಿದ ಕ್ಷಣದಲ್ಲಿ ಫೋನ್ ಹೇಗಿತ್ತು ಎಂಬುದು ಆ ಫೈಲಿನ ಒಳಗೆ ದಾಖಲಾಗುತ್ತದೆ. ಫೋನನ್ನು ಕೆಳಮುಖವಾಗಿ ಹಿಡಿದು ಬಟನ್ ಒತ್ತಿ, ಆಮೇಲೆ ಎತ್ತಿ ಅಡ್ಡ ತಿರುಗಿಸಿದರೆ ಫೋನ್ ಮೊದಲಿನದನ್ನೇ ಬರೆದುಕೊಂಡಿರುತ್ತದೆ. ನಡುವೆ ತಿರುಗಿಸಿದರೂ ಬದಲಾಗುವುದಿಲ್ಲ. ಗ್ಯಾಲರಿಯಲ್ಲಿ ಎಡಿಟ್ ತೆರೆದು ವಿಡಿಯೊವನ್ನು 90 ಡಿಗ್ರಿ ತಿರುಗಿಸಿ ಉಳಿಸಿದೆವು, ವೇಷಗಳು ಎದ್ದು ನಿಂತವು. ಮೊದಲು ಅಡ್ಡ ಹಿಡಿ, ಆಮೇಲೆ ಬಟನ್ ಒತ್ತು ಎಂದು ಆ ಹುಡುಗನಿಗೆ ಟೀಚರೇ ಫೋನ್ ಮಾಡಿ ಹೇಳಿದರು.

ಈಗಿನ ಸ್ಥಿತಿ

ಬ್ಯಾಂಕಿನ ಆ್ಯಪ್ ಇವತ್ತಿಗೂ ಅಡ್ಡ ಬರುವುದಿಲ್ಲ, ಆಟೊ ರೊಟೇಟ್ ಸೆಟ್ಟಿಂಗಿನಿಂದ ಬರುವಂತೆ ಮಾಡಲೂ ಆಗುವುದಿಲ್ಲ. ಆಟೊ ರೊಟೇಟ್ ಆಫ್ ಇದ್ದರೂ ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡುವುದು ಮಲಗಿದಾಗ ಕಷ್ಟವೇ. ಅದಕ್ಕೆ ಟೀಚರ್ ಧ್ವನಿ ಸಂದೇಶ ಕಳಿಸುವುದನ್ನು ಕಲಿತಿದ್ದಾರೆ. ಫೋನಿಗೆ ದೊಡ್ಡ ಅಪ್‌ಡೇಟ್ ಬಂದ ದಿನ ಮೇಲಿನ ಗುರುತುಗಳ ಜಾಗ ಬದಲಾಗಿದೆಯೇ ಎಂದು ಮೊಮ್ಮಗ ನೋಡಬೇಕು ಎಂದು ಒಪ್ಪಂದವಾಗಿದೆ. ಮನೆಗೆ ಬಂದ ಅಳಿಯನ ಐಫೋನಿನಲ್ಲೂ ಟೀಚರಿಗೆ ಓದಲು ಬೇಕಾಯಿತು. ಅಲ್ಲಿ ಮೇಲಿನ ಬಲ ಮೂಲೆಯಿಂದ ಕೆಳಗೆ ಎಳೆದರೆ ಬಾಣದ ಸುತ್ತಿನೊಳಗೆ ಬೀಗದ ಗುರುತು ಕಾಣುತ್ತದೆ. ಒತ್ತಿದರೆ ನೆಟ್ಟಗೆ ಬೀಗ ಬೀಳುತ್ತದೆ. ಅಡ್ಡವಾಗಿ ಬೀಗ ಹಾಕಲು ಐಫೋನಿನಲ್ಲಿ ಆ ಗುರುತಿನಿಂದ ಆಗುವುದಿಲ್ಲ. ಹಾಗಾಗಿ ಪೇಪರ್ ಓದಲು ಅವರಿಗೆ ತಮ್ಮ ಫೋನೇ ಅನುಕೂಲ ಅನಿಸಿತು.

ಟೀಚರ್ ಈಗ ವಾಕರ್ ಹಿಡಿದು ಚಾವಡಿಯವರೆಗೆ ಬರುತ್ತಾರೆ, ಸಂಜೆ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂರುತ್ತಾರೆ. ಕುಳಿತು ನೋಡುವವರಿಗೆ ಆಟೊ ರೊಟೇಟ್ ಇದ್ದರೂ ತೊಂದರೆ ಇಲ್ಲ. ಮತ್ತೆ ಆನ್ ಮಾಡಿಕೊಡಲಾ ಎಂದು ಕೇಳಿದೆ. "ಬೇಡ ಮಗಾ. ಗುಂಡಿ ಉಂಟಲ್ಲ, ಬೇಕಾದಾಗ ನಾನೇ ಒತ್ತುತ್ತೇನೆ" ಎಂದರು. ಆಫ್ ಆಗಿಯೇ ಬಿಟ್ಟು ಬಂದೆ.